ಹೊಸದಾಗಿ ಟೀಮ್ ಲೀಡ್ ಆಗಿದ್ದೀನಿ, ಆರು ಜನಾನೂ ಎಲ್ಲದಕ್ಕೂ ನನ್ನ ಹತ್ರಾನೇ ಬರ್ತಾರೆ. ನಾವೇ ಉತ್ತರ ಹೇಳ್ದೆ, ಪ್ರಶ್ನೆ ಕೇಳಿ ಅವ್ರೇ ದಾರಿ ಹುಡ್ಕೋ ಹಾಗೆ ಮಾಡೋ ಈ ಕೋಚಿಂಗ್ ಸ್ಟೈಲ್ ಅನ್ನೋದು ನಿಜವಾಗ್ಲೂ ಕೆಲಸ ಮಾಡುತ್ತಾ?

ಮಾಡುತ್ತೆ, ಆದ್ರೆ ಮೊದಲ ಒಂದೆರಡು ತಿಂಗಳು ಹಿಂಸೆ ನಿಮ್ಗೇ ಆಗೋದು. ನನ್ನ ಕಥೇನೂ ಡಿಟ್ಟೋ ಇದೇ ಇತ್ತು. ಯಾರು ಬಂದು ಏನೇ ಕೇಳಿದ್ರೂ ಎರಡು ನಿಮಿಷದಲ್ಲಿ ಉತ್ತರ ಹೇಳಿ ಕಳಿಸ್ತಿದ್ದೆ, ಅದ್ರಲ್ಲಿ ಒಂಥರ ಹೆಮ್ಮೆ ಬೇರೆ. ಆಮೇಲೆ ಹತ್ತು ದಿನ ರಜೆ ಹಾಕಿದಾಗ ದಿನಕ್ಕೆ ಏಳೆಂಟು ಫೋನ್ ಬರೋಕೆ ಶುರುವಾಯ್ತು ನೋಡಿ, ಆವಾಗ ಗೊತ್ತಾಯ್ತು ನಾನು ಏನ್ ಮಾಡಿಟ್ಟಿದ್ದೀನಿ ಅಂತ.

ವಾಪಸ್ ಬಂದ್ಮೇಲೆ ಒಬ್ಬ ಹುಡುಗ ರಿಪೋರ್ಟ್‌ನಲ್ಲಿ ಟೋಟಲ್ ತಾಳೆ ಆಗ್ತಿಲ್ಲ ಸರ್ ಅಂತ ಲ್ಯಾಪ್‌ಟಾಪ್ ಹಿಡ್ಕೊಂಡೇ ಬಂದ. ಒಂದೇ ಎಂಟ್ರಿ ಎರಡು ಸಲ ಬಿದ್ದಿರೋದು ನೋಡಿದ ತಕ್ಷಣ ಕಾಣಿಸ್ತು, ನಾಲಿಗೆ ತುದೀಲಿತ್ತು, ಕಚ್ಕೊಂಡೆ. "ನಿಂಗೆಲ್ಲಿ ಅನುಮಾನ?" ಅಂದೆ. ಗೊತ್ತಿಲ್ಲ ಸರ್ ಅಂದ. ನಾನು ಸುಮ್ನಿದ್ದೆ, ಅವನೂ ಸುಮ್ನೆ ಸ್ಕ್ರೀನ್ ಮೇಲೆ ಕೆಳಗೆ ಮಾಡ್ತಾ ಕೂತ. ಆ ಮೌನ ಇದ್ಯಲ್ಲ, ಅದನ್ನ ತಡ್ಕೊಳೋದೇ ಕಷ್ಟ. ಸ್ವಲ್ಪ ಹೊತ್ತಾದ್ಮೇಲೆ "ಯಾವ ತಿಂಗಳವರೆಗೆ ಸರಿ ಇತ್ತು ಅಂತ ನೋಡ್ಲಾ?" ಅಂತ ಅವನೇ ಶುರು ಮಾಡ್ದ. ನಾನಾಗಿದ್ರೆ ಹಾಗೆ ಹುಡುಕ್ತಿರ್ಲಿಲ್ಲ, ಆದ್ರೂ ಬಿಟ್ಟೆ. ಇಪ್ಪತ್ತು ನಿಮಿಷ ಹಿಡೀತು. ಮುಂದಿನ ತಿಂಗಳು ಅಂಥದ್ದೇ ಬಂದಾಗ ಅವನೇ ಸರಿ ಮಾಡಿ ನಂಗೊಂದು ಮೇಲ್ ಹಾಕಿದ, ಅಷ್ಟೇ.

ನಾನು ಎಡವಿದ್ದು ಪ್ರಶ್ನೆ ಕೇಳೋದ್ರಲ್ಲೇ. "ಡೇಟಾ ಮೊದ್ಲೇ ಚೆಕ್ ಮಾಡ್ಬಹುದಿತ್ತಲ್ವಾ?" ಅನ್ನೋದು ಕೋಚಿಂಗ್ ಅಲ್ಲ, ಬೈಗುಳಕ್ಕೆ ಪ್ರಶ್ನಾರ್ಥಕ ಚಿಹ್ನೆ ಹಾಕಿರೋದು. ಒಬ್ಳಂತೂ ಮುಖಕ್ಕೇ ಹೇಳಿದ್ಲು, ಗೊತ್ತಿದ್ರೆ ಹೇಳ್ಬಿಡಿ ಸರ್, ಆಟ ಆಡಿಸ್ಬೇಡಿ ಅಂತ. ಸರಿಯಾಗೇ ಹೇಳಿದ್ಲು.

ಏನೇನ್ ಕೇಳ್ಬೇಕು ಅನ್ನೋಕೆ ಗ್ರೋ (GROW) ಅಂತ ಒಂದು ಮಾಡೆಲ್ ಇದೆ, ಜಾನ್ ವಿಟ್ಮೋರ್ ಅಂತ ಒಂದ್ಕಾಲದಲ್ಲಿ ಕಾರ್ ರೇಸರ್ ಆಗಿದ್ದವ್ರು ಫೇಮಸ್ ಮಾಡಿದ್ದು: ಏನಾಗ್ಬೇಕು, ಈಗ ಎಲ್ಲಿದೆ, ಯಾವ್ಯಾವ ದಾರಿ ಇದೆ, ಅದ್ರಲ್ಲಿ ಯಾವ್ದನ್ನ ಯಾವಾಗ ಮಾಡ್ತೀಯ. ಕೊನೇದನ್ನ ಕೇಳ್ದೆ ಬಿಟ್ರೆ ಬರೀ ಹರಟೆ ಆಗುತ್ತೆ. ಹಾಗಂತ ಇಂಟರ್ವ್ಯೂ ಥರ ಸಾಲಾಗಿ ಕೇಳೋಕೂ ಹೋಗ್ಬೇಡಿ.

ಎಲ್ಲಾ ಕಡೆ ನಡೆಯಲ್ಲ ಇದು. ಸರ್ವರ್ ಡೌನ್ ಆಗಿರೋವಾಗ "ನಿಂಗೇನ್ ಅನ್ಸುತ್ತೆ" ಅಂತ ಕೂತ್ರೆ ನಿಮ್ಮನ್ನೇ ಉಗೀತಾರೆ. ನಿನ್ನೆ ಮೊನ್ನೆ ಸೇರಿದವ್ರಿಗೂ ಬೇಡ, ಪಾಪ ಏನೂ ಗೊತ್ತಿರಲ್ಲ, ಅವ್ರಿಗೆ ಮಾಡಿ ತೋರ್ಸಿ.

ಟೈಮ್ ಎಲ್ಲಿದೆ ಅಂತೀರೇನೋ. ಸೈಕಾಲಜಿಸ್ಟ್ ಡೇನಿಯಲ್ ಗೋಲ್ಮನ್ 2000ದಲ್ಲಿ ಲೀಡರ್‌ಶಿಪ್ ಸ್ಟೈಲ್‌ಗಳನ್ನ 6 ಬಗೆ ಮಾಡಿ ಬರೆದಾಗ್ಲೂ ಎಲ್ಲಕ್ಕಿಂತ ಕಮ್ಮಿ ಬಳಕೇಲಿದ್ದಿದ್ದು ಈ ಕೋಚಿಂಗೇ, ಕಾರಣಾನೂ ಅದೇ, ಬಾಸ್‌ಗಳಿಗೆ ಟೈಮಿಲ್ಲ. ನಾನು ವಾರಕ್ಕೊಂದ್ಸಲ ಒಬ್ಬೊಬ್ರ ಜೊತೆ ಕಾಲು ಗಂಟೆ ಕೂತ್ಕೋತೀನಿ, ಅದು ಸಾಕಾಗುತ್ತೆ.

ಆರೂ ಜನರ ಮೇಲೆ ಒಟ್ಟಿಗೆ ಪ್ರಯೋಗ ಮಾಡ್ಬೇಡಿ, ಒಬ್ರಿಂದ ಶುರು ಮಾಡಿ. ಅಪ್ರೈಸಲ್ ಹತ್ರ ಇರೋವಾಗಂತೂ ಬೇಡ್ವೇ ಬೇಡ, ಆವಾಗ ಏನ್ ಕೇಳಿದ್ರೂ ಇದು ರೇಟಿಂಗ್‌ಗೇ ಅನ್ಕೊಂಡು ಅಳೆದೂ ಸುರಿದೂ ಮಾತಾಡ್ತಾರೆ.