ಶ್ರೀಲಂಕಾಕ್ಕೆ ಹೋಗುತ್ತಿದ್ದೇವೆ, ಮಗಳಿಗೆ ಸೀಲಿಯಾಕ್ ಇದೆ. ಅಲ್ಲಿ ಅವಳಿಗೆ ಏನು ತಿನ್ನಿಸಬಹುದು?

ಒಂಬತ್ತು ವರ್ಷದ ಮಗಳಿಗೆ ಸೀಲಿಯಾಕ್ ಇದೆ ಅಂತ ಕಳೆದ ವರ್ಷ ಗೊತ್ತಾಯಿತು, ಡಿಸೆಂಬರ್‌ನಲ್ಲಿ ಒಂದು ವಾರ ಕೊಲಂಬೊ, ಕ್ಯಾಂಡಿ, ಮಿರಿಸ್ಸ ಅಂತ ಹೊರಟಿದ್ದೀರಿ. "ಅಲ್ಲಿ ಹೇಗೂ ಅಕ್ಕಿಯೇ ಜಾಸ್ತಿ, ತೊಂದರೆ ಆಗಲ್ಲ ಅಲ್ವಾ?" ಅಂತ ಕೇಳಿದ್ದೀರಿ. ನನಗೂ ಇದೇ ಕಾಯಿಲೆ: ಗೋಧಿ, ಬಾರ್ಲಿಯಲ್ಲಿರುವ ಗ್ಲುಟನ್ ಅನ್ನುವ ಪ್ರೋಟೀನ್ ಹೊಟ್ಟೆಗೆ ಹೋದರೆ ಸಣ್ಣ ಕರುಳಿಗೆ ಪೆಟ್ಟು ಬೀಳುತ್ತದೆ. ಗೊತ್ತಾಗಿ ಎಂಟು ವರ್ಷ ಆಯಿತು. ಶ್ರೀಲಂಕಾಕ್ಕೆ ಎರಡು ಸಲ ಹೋಗಿ ಬಂದಿದ್ದೇನೆ. ನೀವೂ ಖಂಡಿತ ಹೋಗಿ. ಆದರೆ "ಅಕ್ಕಿಯೇ ಜಾಸ್ತಿ" ಅನ್ನುವ ಧೈರ್ಯವನ್ನು ಮಾತ್ರ ನಂಬಬೇಡಿ. ನಾನು ಪೆಟ್ಟು ತಿಂದದ್ದು ಅದರಿಂದಲೇ.

ನಾನು ಉಡುಪಿ ಕಡೆಯವಳು. ಒತ್ತುಶ್ಯಾವಿಗೆ ಅಂದರೆ ನಮಗೆ ಅಕ್ಕಿಯದ್ದೇ, ಬೇರೆ ಯೋಚನೆಯೇ ಬರುವುದಿಲ್ಲ. ಮೊದಲ ಸಲ ಹೋದಾಗ ಎರಡನೇ ದಿನ ಬೆಳಿಗ್ಗೆ ಕಡಲ ಹತ್ತಿರದ ಒಂದು ಗೆಸ್ಟ್‌ಹೌಸ್‌ನಲ್ಲಿ ಇಡಿಯಪ್ಪ ಬಡಿಸಿದರು. ಅವರು 'ಇಂದಿಯಾಪ್ಪ' ಅನ್ನುತ್ತಾರೆ. ಬೆಳ್ಳಗೆ, ಮೆತ್ತಗೆ ಇತ್ತು, ಜೊತೆಗೆ ತೆಂಗಿನಹಾಲಿನ ಸಾರು. ಮನೆಗೆ ಬಂದಷ್ಟು ಖುಷಿಯಾಗಿ ಆರು ತಿಂದೆ. ಮಧ್ಯಾಹ್ನದ ಹೊತ್ತಿಗೆ ಹೊಟ್ಟೆ ಉಬ್ಬರಿಸಿ, ಭೇದಿ ಶುರುವಾಗಿ, ಎರಡು ದಿನ ಕೋಣೆಯಲ್ಲೇ ಮಲಗಿದೆ. ಆಮೇಲೆ ಕೇಳಿದರೆ, ಬಿಳಿ ಇಡಿಯಪ್ಪಕ್ಕೆ ಗೋಧಿ ಹಿಟ್ಟು ಹಾಕುವುದು ಅಲ್ಲಿ ತೀರಾ ಮಾಮೂಲು ಅಂದರು. ಯಾರೂ ನನಗೆ ಸುಳ್ಳು ಹೇಳಿರಲಿಲ್ಲ. ನಾನೇ ಕೇಳಿರಲಿಲ್ಲ.

ಆ ದ್ವೀಪದ ಹವೆಗೆ ಗೋಧಿ ಬೆಳೆ ಒಗ್ಗುವುದಿಲ್ಲ. ಗೋಧಿ ಹಡಗಿನಲ್ಲಿ ಬರುತ್ತದೆ, ಟ್ರಿಂಕೋಮಲಿ ಬಂದರಿನಲ್ಲಿ ಅದನ್ನು ಬೀಸುವ ದೊಡ್ಡ ಗಿರಣಿಯೇ ಇದೆ. ಹಾಗಾಗಿ ಅಕ್ಕಿ ತಿನ್ನುವ ಊರಾದರೂ ಗೋಧಿ ಹಿಟ್ಟು ಎಲ್ಲ ಅಡುಗೆಮನೆಗೂ ನುಗ್ಗಿದೆ. ಇಡಿಯಪ್ಪ ಕೆಂಪಕ್ಕಿಯದ್ದಾದರೆ ಸ್ವಲ್ಪ ವಾಸಿ, ಆದರೂ ಬಣ್ಣ ನೋಡಿ ನಂಬಬೇಡಿ, ಕೇಳಿಯೇ ತಿನ್ನಿಸಿ. ಆಪ್ಪ ಅಕ್ಕಿ ಹಿಟ್ಟು, ತೆಂಗಿನಹಾಲಿನದ್ದು. ಗರಿಗರಿ ಅಂಚು, ಮಧ್ಯೆ ಮೊಟ್ಟೆ ಒಡೆದು ಹಾಕಿದ್ದನ್ನು ಮಕ್ಕಳು ಬಿಡುವುದೇ ಇಲ್ಲ. ಇದಕ್ಕೂ ಕೆಲವರು ಗೋಧಿ ಹಿಟ್ಟು ಬೆರೆಸುತ್ತಾರೆ. ಪೊಲ್ ರೊಟ್ಟಿ ಅಂದರೆ ತೆಂಗಿನತುರಿ ರೊಟ್ಟಿ. ನಮ್ಮ ಅಕ್ಕಿ ರೊಟ್ಟಿಯ ಹಾಗೆ ಕಂಡರೂ ಅದು ಗೋಧಿಯದ್ದೇ. ಕುರಕ್ಕನ್ ಅಂದರೆ ರಾಗಿ. ಆ ಹೆಸರು ಕೇಳಿ ನಮ್ಮ ಜೀವ ಅರಳುತ್ತದೆ, ಆದರೆ ಕುರಕ್ಕನ್ ರೊಟ್ಟಿಗೂ ಗೋಧಿ ಸೇರಿಸುವವರು ಇದ್ದಾರೆ. ಹಬೆಯಲ್ಲಿ ಬೇಯಿಸುವ ಪಿಟ್ಟು, ಅಂದರೆ ನಮ್ಮ ಪುಟ್ಟು ಕೂಡ ಹಾಗೇ. ಕೊತ್ತು ರೊಟ್ಟಿಯಂತೂ ಬೇಡವೇ ಬೇಡ. ಅದು ಮೈದಾ ರೊಟ್ಟಿಯನ್ನು ಕಾವಲಿಯ ಮೇಲೆ ಟಕಟಕ ಕೊಚ್ಚಿ ಮಾಡುವುದು. ಅದೇ ಕಾವಲಿಯಲ್ಲಿ ಮಾಡಿಕೊಟ್ಟ ಆಮ್ಲೆಟ್ ಕೂಡ ಮಗಳಿಗೆ ಬೇಡ.

ಇನ್ನು ಕೇಳುವ ರೀತಿ. "ಗ್ಲುಟನ್ ಇದೆಯಾ?" ಅಂತ ಕೇಳಿದರೆ ಪ್ರಯೋಜನವಿಲ್ಲ. ಆ ಪದ ಬಹಳ ಜನಕ್ಕೆ ಗೊತ್ತಿಲ್ಲ. ಅತಿಥಿಗೆ ಬೇಸರ ಮಾಡಬಾರದು ಅಂತ "ಇಲ್ಲ ಇಲ್ಲ" ಅಂದುಬಿಡುತ್ತಾರೆ. ಹಿಟ್ಟಿನ ಹೆಸರು ಹಿಡಿದು ಕೇಳಿ. ಗೋಧಿ ಹಿಟ್ಟಿಗೆ ಸಿಂಹಳದಲ್ಲಿ ತಿರಿಂಗು ಪಿಟಿ ಅನ್ನುವ ಹೆಸರಿದೆ, ಆದರೆ ಮನೆ, ಅಂಗಡಿಗಳಲ್ಲಿ ಬಳಸುವ ಮಾತು ಪಾನ್ ಪಿಟಿ. ಪಾನ್ ಅಂದರೆ ಬ್ರೆಡ್ಡು. ನಮ್ಮ ಪಾವ್ ಹೇಗೆ ಪೋರ್ಚುಗೀಸರಿಂದ ಬಂತೋ ಇದೂ ಹಾಗೇ ಬಂದದ್ದು. ಅಕ್ಕಿ ಹಿಟ್ಟು ಹಾಲ್ ಪಿಟಿ. ಅಲ್ಲಿ ಹಾಲ್ ಅಂದರೆ ಅಕ್ಕಿ, ನಮ್ಮ ಹಾಲಿಗೆ ಅವರು ಕಿರಿ ಅನ್ನುತ್ತಾರೆ. ಇದು ತಲೆಯಲ್ಲಿರಲಿ, ಗೊಂದಲ ಆಗುತ್ತದೆ. "ಮೇಕೇ ಪಾನ್ ಪಿಟಿ ತಿಯೆನವದ?" ಅಂದರೆ "ಇದರಲ್ಲಿ ಗೋಧಿ ಹಿಟ್ಟು ಇದೆಯಾ?" ಅಂತ. ತಮಿಳರ ಹೋಟೆಲಾದರೆ "ಇದಿಲೆ ಕೋದುಮೈ ಮಾ ಇರುಕ್ಕಾ?" ಅನ್ನಿ. ಈ ಎರಡು ಸಾಲನ್ನು ಅವರ ಲಿಪಿಯಲ್ಲೇ ಬರೆಸಿಕೊಂಡು ಫೋನಿನಲ್ಲಿ ಇಟ್ಟುಕೊಳ್ಳಿ. ಕೆಳಗೆ ಇನ್ನೂ ಒಂದು ಸಾಲು ಸೇರಿಸಿ: ಮಗುವಿಗೆ ಇದು ಕಾಯಿಲೆ, ಚೂರು ತಿಂದರೂ ಹುಷಾರು ತಪ್ಪುತ್ತಾಳೆ. ಮಗು, ಕಾಯಿಲೆ ಅಂದ ಕೂಡಲೇ ಅಲ್ಲಿನವರು ನಿಂತು ಕೇಳಿಸಿಕೊಳ್ಳುತ್ತಾರೆ. ನನ್ನ ವಿಷಯದಲ್ಲಿ ಎಷ್ಟೋ ಕಡೆ ಅಡುಗೆಯವರೇ ಹೊರಗೆ ಬಂದು ಹಿಟ್ಟಿನ ಪ್ಯಾಕೆಟ್ ತೋರಿಸಿದ್ದಾರೆ. ನೀವೂ ಪ್ಯಾಕೆಟ್ ತೋರಿಸಿ ಅಂತ ಕೇಳಿ, ಸಂಕೋಚ ಬೇಡ.

ಉಳಿಯಲು ದೊಡ್ಡ ಹೋಟೆಲಿಗಿಂತ ಹೋಮ್‌ಸ್ಟೇ ಒಳ್ಳೆಯದು ಅನ್ನುವುದು ನನ್ನ ಅನುಭವ. ಬಫೆಯಲ್ಲಿ ಒಂದೇ ಸೌಟು ಹತ್ತು ಪಾತ್ರೆಗೆ ಓಡಾಡುತ್ತದೆ, ಯಾವ ಸಾರಿಗೆ ಏನು ಹಾಕಿದ್ದಾರೆ ಅಂತ ಬಡಿಸುವವರಿಗೆ ಗೊತ್ತಿರುವುದಿಲ್ಲ. ಎರಡನೇ ಸಲ ನಾನು ಕ್ಯಾಂಡಿಯ ಹತ್ತಿರ ಒಂದು ಮನೆಯಲ್ಲಿ ಉಳಿದೆ. ಬುಕ್ ಮಾಡುವಾಗಲೇ ಬರೆದು ತಿಳಿಸಿದ್ದೆ. ಆ ಮನೆಯ ಅಮ್ಮ ನನ್ನನ್ನು ಅಡುಗೆಮನೆಗೇ ಕರೆದುಕೊಂಡು ಹೋದರು. ನನಗೆ ಬೇರೆ ಬಾಣಲೆ, ಬೇರೆ ಸೌಟು ಇಟ್ಟರು. ಮಧ್ಯಾಹ್ನ ಕೆಂಪಕ್ಕಿ ಅನ್ನ, ತೆಂಗಿನಹಾಲು ಹಾಕಿದ ಮಸೂರ್ ಬೇಳೆ, ಪೊಲೊಸ್ ಅಂದರೆ ಎಳೆ ಹಲಸಿನ ಪಲ್ಯ, ಗೊಟುಕೊಳ ಸಂಬೋಲ. ಗೊಟುಕೊಳ ಬೇರೇನೂ ಅಲ್ಲ, ನಮ್ಮ ಒಂದೆಲಗ. ನಮ್ಮೂರಲ್ಲಿ ತಿಮರೆ ಅಂತ ಚಟ್ನಿ ಮಾಡುವುದು ಇದನ್ನೇ. ಮೀನು ತಿನ್ನುವವರಾದರೆ ಅಂಬುಲ್ ತಿಯಲ್ ಕೇಳಿ. ದಕ್ಷಿಣ ಕರಾವಳಿಯದ್ದು, ಗೊರಕ ಅಂದರೆ ಉಪ್ಪಾಗೆ ಹುಳಿ ಹಚ್ಚಿ ಒಣಗಲು ಬೇಯಿಸಿದ ಮೀನು. ಇಷ್ಟರಲ್ಲಿ ಎಲ್ಲೂ ಹಿಟ್ಟಿನ ಮಾತೇ ಇಲ್ಲ ನೋಡಿ. ದಿನಕ್ಕೆ ಒಂದು ಊಟ ಹೀಗೆ ಅನ್ನ, ಸಾರಿನದ್ದಾದರೆ ಅರ್ಧ ಚಿಂತೆ ಹೋದ ಹಾಗೆ. ನೀವು ಸಸ್ಯಾಹಾರಿಗಳಾದರೆ ಇನ್ನೊಂದು ಮಾತು: ಪೊಲ್ ಸಂಬೋಲ ಅನ್ನುವ ತೆಂಗಿನತುರಿ ಚಟ್ನಿ, ಲುಣು ಮಿರಿಸ್ ಅನ್ನುವ ಈರುಳ್ಳಿ-ಮೆಣಸಿನ ಚಟ್ನಿ ಎರಡಕ್ಕೂ ಉಂಬಲಕಡ ಅನ್ನುವ ಒಣಮೀನಿನ ಪುಡಿ ಹಾಕುತ್ತಾರೆ, ಬೇಡ ಅಂತ ಮೊದಲೇ ಹೇಳಿ.

ನಮ್ಮ ಜನ ವಿದೇಶಕ್ಕೆ ಹೋದರೆ ಮೊದಲು ಹುಡುಕುವುದು ಇಡ್ಲಿ, ದೋಸೆ. ಅಲ್ಲಿ ಅದೇ ಅಪಾಯ. ಜಾಫ್ನಾ ಕಡೆಯ ದೋಸೆ ಹಿಟ್ಟಿಗೆ ಗೋಧಿ ಹಿಟ್ಟು ಸೇರಿಸುವ ರೂಢಿ ಇದೆ. ಸಾಂಬಾರಿಗೆ ಇಂಗು ಬೀಳುತ್ತದೆ. ನಮ್ಮ ಡಬ್ಬಿ ಇಂಗಿನಲ್ಲೂ ಬಹಳಷ್ಟಕ್ಕೆ ಗೋಧಿ ಅಥವಾ ಮೈದಾ ಸೇರಿಸಿರುತ್ತಾರೆ ಅನ್ನುವುದು ನಿಮಗೆ ಈಗಾಗಲೇ ಗೊತ್ತಿರಬಹುದು. ಸಿಂಹಳ ಮನೆಯಡುಗೆಯಲ್ಲಿ ಇಂಗು ಅಪರೂಪ. ಹಾಗಾಗಿ ಪರಿಚಯದ ಸಾಂಬಾರಿಗಿಂತ ಪರಿಚಯವಿಲ್ಲದ ಸಾರೇ ಮಗಳಿಗೆ ಕ್ಷೇಮ.

ಫ್ರೈಡ್ ರೈಸ್, 'ಡೆವಿಲ್ಡ್' ಅಂತ ಬರುವ ಖಾರದ ತಿನಿಸುಗಳಿಗೆ ಸೋಯಾ ಸಾಸ್ ಇರುತ್ತದೆ, ಮಾಮೂಲಿ ಸೋಯಾ ಸಾಸ್ ಅಂದರೆ ಗೋಧಿ ಇದ್ದೇ ಇರುತ್ತದೆ. ಸೋಯಾ ಮೀಟ್ ಪ್ಯಾಕೆಟ್ ಓದದೆ ಬೇಡ. ರೈಲಿನಲ್ಲಿ ಬುಟ್ಟಿ ಹೊತ್ತು ಬರುವ ವಡೆಗಳನ್ನು ನೋಡಿ ಮಗಳು ಆಸೆ ಪಡುತ್ತಾಳೆ, ಪಾಪ. ಕಡಲೆಬೇಳೆಯ ವಡೆಯೇ ಆದರೂ ಬ್ರೆಡ್ ಪುಡಿ ಹಚ್ಚಿದ ಕಟ್ಲೆಟ್, ರೋಲ್ಸ್ ಕರಿದ ಎಣ್ಣೆಯಲ್ಲೇ ಅದನ್ನೂ ಕರಿದಿರಬಹುದು. ಅವತ್ತು ಅವಳ ಕೈಯಲ್ಲಿ ಮನೆಯ ಚಕ್ಕುಲಿ ಇರಲಿ. ಇಂಗು ಹಾಕದೆ ಮಾಡಿದ್ದು.

ಮಾಲ್ಟ್ ವಿಷಯವನ್ನು ಒತ್ತಿ ಹೇಳುತ್ತೇನೆ. ಗುಡ್ಡದ ಊರುಗಳಲ್ಲಿ ಚಳಿ ಇರುತ್ತದೆ, ಮಕ್ಕಳಿಗೆ ಪ್ರೀತಿಯಿಂದ ಮಾಲ್ಟ್ ಹಾಲು ಕೊಡುತ್ತಾರೆ. ಅಂಗಡಿಯಲ್ಲಿ ಮೈಲೋ ಅನ್ನುವ ಮಾಲ್ಟ್ ಪಾನೀಯದ ಪುಟ್ಟ ಪ್ಯಾಕೆಟ್ ಸಿಗುತ್ತದೆ. ಅಲ್ಲಿ ಮಾಲ್ಟ್ ಅಂದರೆ ಬಾರ್ಲಿಯದ್ದು. ನಮ್ಮ ರಾಗಿ ಮಾಲ್ಟ್ ಕುಡಿದು ಬೆಳೆದ ಮಗು ಇದೂ ಅದೇ ಅಂದುಕೊಳ್ಳುತ್ತದೆ. ಅವಳಿಗೇ ಬಿಡಿಸಿ ಹೇಳಿಡಿ.

ವಿಮಾನದ ಊಟಕ್ಕೆ ಎರಡು ದಿನ ಮೊದಲೇ ಗ್ಲುಟನ್ ಇಲ್ಲದ ಊಟ ಬೇಕು ಅಂತ ಹೇಳಿ. ಸಿಗದಿದ್ದರೂ ಬೆಂಗಳೂರಿನಿಂದ ಕೊಲಂಬೊ ಒಂದೂವರೆ ಗಂಟೆಯ ದಾರಿ ಅಷ್ಟೆ. ಸೂಟ್‌ಕೇಸಿನಲ್ಲಿ ಅವಲಕ್ಕಿ, ರಾಗಿ ಹುರಿಹಿಟ್ಟು, ಒಂದು ಸಣ್ಣ ಬಾಣಲೆ, ಓಆರ್‌ಎಸ್ ಪುಡಿ ಇರಲಿ. ಸೂಪರ್‌ಮಾರ್ಕೆಟ್‌ನಲ್ಲಿ ಗ್ಲುಟನ್ ಫ್ರೀ ಬಿಸ್ಕೆಟ್ ಸಿಕ್ಕರೆ ಚೀಟಿ ಓದಿ. ಕಿಲೋಗೆ 20 ಮಿಲಿಗ್ರಾಮ್‌ಗಿಂತ ಜಾಸ್ತಿ ಗ್ಲುಟನ್ ಇರಬಾರದು ಅನ್ನುವುದು ನಮ್ಮ ದೇಶದ ನಿಯಮ, ಅಂತರರಾಷ್ಟ್ರೀಯ ಅಳತೆಯೂ ಅದೇ. 'ವ್ಹೀಟ್ ಫ್ರೀ' ಅಂತ ಮಾತ್ರ ಬರೆದಿದ್ದರೆ ಸಾಲದು, ಬಾರ್ಲಿ ಇರಬಹುದು.

ಇಷ್ಟೆಲ್ಲ ಮಾಡಿಯೂ ತಪ್ಪಿ ಹೊಟ್ಟೆಗೆ ಹೋದರೆ ಅದನ್ನು ಇಳಿಸುವ ಮಾತ್ರೆ ಇಲ್ಲ. ನೀರು, ಓಆರ್‌ಎಸ್, ಬಿಸಿ ಗಂಜಿ, ನಿದ್ದೆ. ವಾಂತಿ ನಿಲ್ಲದಿದ್ದರೆ, ಮಗು ಮಂಕಾದರೆ ಕಾಯಬೇಡಿ, ಡಾಕ್ಟರ್ ಹತ್ತಿರ ಹೋಗಿ. ಏನೂ ಆಗಲಿಲ್ಲ ಅಂತ "ಚೂರು ತಿಂದರೆ ಪರವಾಗಿಲ್ಲ" ಅನ್ನುವ ಕಡೆಗೂ ಜಾರಬೇಡಿ. ಮೇಲೆ ಏನೂ ಕಾಣದಿದ್ದರೂ ಸಣ್ಣ ಕರುಳಿನ ಒಳಪದರಕ್ಕೆ ಪೆಟ್ಟು ಬೀಳುತ್ತದೆ. ಅವಳ ಮೇಲೆ ಸಿಟ್ಟು ಮಾತ್ರ ಬೇಡ.

ಬೆಳಗಿನ ತಿಂಡಿಗೆ ಕಿರಿಬತ್ ಕೇಳಿ. ತೆಂಗಿನಹಾಲಿನಲ್ಲಿ ಬೇಯಿಸಿ, ಹಲ್ವದ ಹಾಗೆ ಕತ್ತರಿಸಿ ಕೊಡುವ ಅನ್ನ. ಸಂಜೆಗೆ ತಂಬಿಲಿ ಅನ್ನುವ ಕೇಸರಿ ಬಣ್ಣದ ಎಳನೀರು. ಸಿಹಿಗೆ ಬೆಲ್ಲ, ತೆಂಗಿನಹಾಲು, ಮೊಟ್ಟೆಯ ವಟಲಪ್ಪನ್. ದಕ್ಷಿಣಕ್ಕೆ ಇಳಿಯುವಾಗ ರಸ್ತೆ ಬದಿಯಲ್ಲಿ ಮಣ್ಣಿನ ಕುಡಿಕೆಯಲ್ಲಿ ಎಮ್ಮೆ ಮೊಸರು ಮಾರುತ್ತಾರೆ, ಮೇಲೆ ಕಿತುಲ್ ಪಾಣಿ, ಅಂದರೆ ಬೈನೆ ಮರದ ಜೋನಿಬೆಲ್ಲ ಸುರಿದುಕೊಂಡು ತಿನ್ನುವುದು. ಒಂದು ವರ್ಷದಿಂದ ಹುಟ್ಟುಹಬ್ಬಗಳಲ್ಲಿ ಎಲ್ಲರ ಕೇಕ್ ನೋಡುತ್ತಾ ಕೂತಿರುವ ಮಗು ಅದು. ಚಮಚ ನಿಮ್ಮದೇ ಇರಲಿ. ಒಂದು ಕುಡಿಕೆ ಪೂರ್ತಿ ಅವಳಿಗೇ ಕೊಡಿಸಿ.