ರೋಚೆಸ್ಟರ್ ಕೋಟೆಯ ಗೋಪುರದಲ್ಲಿ ಮೂರು ಮೂಲೆ ಚೌಕ, ಒಂದು ಮಾತ್ರ ದುಂಡಗೆ: ಏಕೆ?

ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಈ ಗೋಪುರದ ಚಿತ್ರ ನೋಡಿ, ಮೊದಲೇ ಹೀಗೆ ಕಟ್ಟಿದ್ದರೋ ಅಥವಾ ಆಮೇಲಿನ ರಿಪೇರಿಯೋ, ಒಳಗೆ ಈಗ ಏನಿದೆ ಎಂದು ಕೇಳಿದ್ದೀರಿ. ರಿಪೇರಿಯೇ. ಅದಕ್ಕೆ ಕಾರಣ ಒಬ್ಬ ರಾಜನ ಸಿಟ್ಟು ಮತ್ತು ನಲವತ್ತು ಹಂದಿಗಳು. ನಾನು ಕಟ್ಟಡಗಳ ಲೆಕ್ಕಾಚಾರದಿಂದ ಹೊಟ್ಟೆ ಹೊರೆಯುವವನು. ಹಾಗಾಗಿ ಉತ್ತರ ಸ್ವಲ್ಪ ಗೋಡೆಗಳ ಕಡೆಗೇ ವಾಲುತ್ತದೆ, ಸಹಿಸಿಕೊಳ್ಳಿ.

ಡೋವರ್ ಬಂದರಿನಿಂದ ಲಂಡನ್‌ಗೆ ಹೋಗುವ ಹಳೆಯ ರೋಮನ್ ರಸ್ತೆ ಮೆಡ್‌ವೇ ನದಿಯನ್ನು ದಾಟುವುದು ರೋಚೆಸ್ಟರ್‌ನಲ್ಲಿ. ಸೇತುವೆ ಯಾರ ಕೈಯಲ್ಲಿದೆಯೋ ದಾರಿ ಅವರದು. 1127ರಲ್ಲಿ ಇಂಗ್ಲೆಂಡಿನ ದೊರೆ ಒಂದನೇ ಹೆನ್ರಿ ಈ ಕೋಟೆಯನ್ನು ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ವಿಲಿಯಂ ದ ಕಾರ್ಬೇಲ್ ವಶಕ್ಕೆ ಕೊಟ್ಟ. ಈ ಗೋಪುರವನ್ನು ಎಬ್ಬಿಸಿದ್ದು ಆ ಧರ್ಮಗುರುವೇ. ಸುಮಾರು 70 ಅಡಿ ಚೌಕದ ತಳ, ಕೈಪಿಡಿ ಗೋಡೆಯವರೆಗೆ 113 ಅಡಿ ಎತ್ತರ, ಅದರ ಮೇಲೆ ಮೂಲೆಗೊಂದು ಪುಟ್ಟ ಗೋಪುರ. ತಳದಲ್ಲಿ ಗೋಡೆಯ ದಪ್ಪ ಹತ್ತಿರ ಹತ್ತಿರ 12 ಅಡಿ. ಮೈಗೋಡೆಗೆ ಸ್ಥಳೀಯ ಒರಟು ಕೆಂಟ್ ಕಲ್ಲು, ಅಂಚು ಕಮಾನುಗಳಿಗೆ ಫ್ರಾನ್ಸಿನ ಕಾನ್‌ನಿಂದ ತರಿಸಿದ ನುಣುಪು ಕಲ್ಲು. ನೆಲಮಟ್ಟದಲ್ಲಿ ಬಾಗಿಲಿಲ್ಲ. ಪಕ್ಕಕ್ಕೆ ಅಂಟಿಸಿದ ಮುಂಗಟ್ಟಡದ ಮೂಲಕ ಮೆಟ್ಟಿಲೇರಿ ಮೊದಲ ಮಹಡಿಗೇ ಹೋಗಬೇಕು. ದಾಳಿಗೆ ಬಂದವನು ಮೇಲಿನಿಂದ ಬೀಳುವ ಕಲ್ಲುಗಳ ಕೆಳಗೇ ಮೆಟ್ಟಿಲು ಹತ್ತಬೇಕು.

ಈಗ 1215. ಜೂನ್‌ನಲ್ಲಿ, ದೊರೆಯ ಅಧಿಕಾರಕ್ಕೆ ಮಿತಿ ಹಾಕುವ ಮ್ಯಾಗ್ನಾ ಕಾರ್ಟಾ ಎಂಬ ಸನ್ನದಿಗೆ ಮುದ್ರೆ ಒತ್ತಿದ ಜಾನ್ ದೊರೆ ಶರತ್ಕಾಲಕ್ಕಾಗಲೇ ತನ್ನ ಸರದಾರರೊಂದಿಗೆ ಯುದ್ಧಕ್ಕಿಳಿದಿದ್ದ. ವಿಲಿಯಂ ದ'ಆಬಿನಿ ಎಂಬ ಬಂಡಾಯಗಾರನ ಪಡೆ ರೋಚೆಸ್ಟರ್ ಕೋಟೆಯನ್ನು ಹಿಡಿದಿತ್ತು. ಅಕ್ಟೋಬರ್‌ನಲ್ಲಿ ಜಾನ್ ತಾನೇ ಬಂದು ಮುತ್ತಿಗೆ ಹಾಕಿದ. ಹಗಲು ರಾತ್ರಿ ಗುದ್ದಲಿ ತಯಾರಿಸಿ ಕಳುಹಿಸಿ ಎಂದು ಕ್ಯಾಂಟರ್ಬರಿಗೆ ಆಜ್ಞೆ ಹೋಯಿತು. ಕಲ್ಲೆಸೆಯುವ ಯಂತ್ರಗಳಿಂದ ಗೋಪುರಕ್ಕೆ ಏನೂ ಆಗದಿದ್ದಾಗ ದಕ್ಷಿಣದ ಮೂಲೆಯ ಕೆಳಗೆ ಸುರಂಗ ತೋಡಿಸಿದ.

ಇಲ್ಲಿ ತಂತ್ರ ಸರಳ, ಆದರೆ ಎದೆಗಾರಿಕೆ ಬೇಕು. ತಳಪಾಯದ ಕೆಳಗಿನ ಮಣ್ಣನ್ನು ತೆಗೆಯುತ್ತಾ ಹೋದಂತೆ ಮೇಲಿನ ಭಾರ ಹೊರಲು ಮರದ ಆಧಾರಗಳನ್ನು ನಿಲ್ಲಿಸುತ್ತಾರೆ. ಸಾಕಷ್ಟು ಟೊಳ್ಳಾದ ಮೇಲೆ ಆ ಮರಗಳಿಗೆ ಬೆಂಕಿ ಹಚ್ಚಿ ಹೊರಗೆ ಓಡುತ್ತಾರೆ. ಗಾಳಿಯಾಡದ ಹಸಿ ಸುರಂಗದಲ್ಲಿ ದಪ್ಪ ಮರ ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ. ಅದಕ್ಕೇ ನವೆಂಬರ್ 25ರಂದು ಜಾನ್ ತನ್ನ ಮುಖ್ಯ ಅಧಿಕಾರಿ ಹ್ಯೂಬರ್ಟ್ ದ ಬರ್ಗ್‌ಗೆ ಬರೆದ: ತಿನ್ನಲು ಅಷ್ಟೇನೂ ಲಾಯಕ್ಕಿಲ್ಲದ, ಚೆನ್ನಾಗಿ ಕೊಬ್ಬಿದ ನಲವತ್ತು ಹಂದಿಗಳನ್ನು ಬೇಗ ಕಳುಹಿಸು. ಕೊಬ್ಬು ಉರಿಯಿತು, ಮರ ಸುಟ್ಟಿತು, ಮೂಲೆ ಕುಸಿಯಿತು. ಊಟಕ್ಕೆ ಒಳ್ಳೆಯ ಹಂದಿಗಳನ್ನು ಉಳಿಸಿಕೊಂಡ ಆ ಲೆಕ್ಕ ನನಗೆ ಬಹಳ ಹಿಡಿಸುತ್ತದೆ.

ಎಲ್ಲರೂ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ನನ್ನ ಪ್ರಕಾರ ಈ ಕಟ್ಟಡದ ನಿಜವಾದ ಬುದ್ಧಿವಂತಿಕೆ ಕಾಣುವುದು ಆಮೇಲೆ. ಮೂಲೆ ಬಿದ್ದರೂ ಗೋಪುರ ಸೋಲಲಿಲ್ಲ! ತಳದಿಂದ ತುದಿಯವರೆಗೆ ಇಡೀ ಗೋಪುರವನ್ನು ಎರಡು ಭಾಗ ಮಾಡುವ ದಪ್ಪ ನಡುಗೋಡೆಯೊಂದಿದೆ. ಒಳಗಿದ್ದವರು ಅದರ ಹಿಂದಕ್ಕೆ ಸರಿದು ಉಳಿದರ್ಧದಿಂದಲೇ ಹೋರಾಡಿದರು. ಬಾವಿ ಇರುವುದೂ ಆ ಗೋಡೆಯ ಹೊಟ್ಟೆಯಲ್ಲೇ. ಅದರ ಕೊಳವೆ ನೇರ ಮೇಲಕ್ಕೆ ಹಾದು ಪ್ರತಿ ಮಹಡಿಯಲ್ಲೂ ಬಾಯಿ ತೆರೆಯುತ್ತದೆ, ನಿಂತಲ್ಲೇ ನೀರು ಸೇದಬಹುದು. ನೀರಿತ್ತು, ಅನ್ನವಿರಲಿಲ್ಲ. ತಮ್ಮ ಕುದುರೆಗಳನ್ನೇ ತಿಂದರು. ಕೊನೆಗೆ ನವೆಂಬರ್ 30ರಂದು ಹಸಿವು ತಾಳಲಾರದೆ ಶರಣಾದರು.

ಇನ್ನು ಮೇಲೆ ಕೋಟೆಗಳನ್ನು ನಂಬುವವರು ಕಡಿಮೆಯಾದರು ಎಂದು ಆ ಕಾಲದ ಚರಿತ್ರೆಕಾರನೊಬ್ಬ ಬರೆದಿದ್ದಾನೆ. ನಾನು ಒಪ್ಪುವುದಿಲ್ಲ. 1264ರಲ್ಲಿ ಬಂಡಾಯ ಸರದಾರರ ನಾಯಕ ಸೈಮನ್ ದ ಮಾಂಟ್‌ಫರ್ಟ್ ಇದೇ ಕೋಟೆಯನ್ನು ಮುತ್ತಿದಾಗ ಹೊರ ಅಂಗಳ ಅವನ ಕೈಸೇರಿತು, ಗೋಪುರ ಸೇರಲಿಲ್ಲ. ಅಷ್ಟರಲ್ಲಿ ಜಾನ್‌ನ ಮಗ ಮೂರನೇ ಹೆನ್ರಿಯ ಕಾಲದಲ್ಲಿ ಬಿದ್ದ ಮೂಲೆಯನ್ನು ಮತ್ತೆ ಕಟ್ಟಿಯಾಗಿತ್ತು, ಈ ಬಾರಿ ದುಂಡಗೆ. ಚೌಕದ ಚೂಪು ಮೂಲೆಯ ಕಲ್ಲುಗಳನ್ನು ಗುದ್ದಲಿಯಿಂದ ಸಡಿಲಿಸುವುದು ಸುಲಭ. ಅಲ್ಲದೆ ಆ ಮೂಲೆಯ ಬುಡದಲ್ಲಿ ನಿಂತ ಶತ್ರು ಮೇಲಿದ್ದವರ ಕಣ್ಣಿಗೆ ಸರಿಯಾಗಿ ಬೀಳುವುದಿಲ್ಲ. ದುಂಡು ಗೋಡೆಯಲ್ಲಿ ಆ ಎರಡೂ ತೊಂದರೆ ಕಡಿಮೆ. ಹದಿಮೂರನೇ ಶತಮಾನದ ಹೊತ್ತಿಗೆ ಕೋಟೆ ಕಟ್ಟುವವರಲ್ಲಿ ಬಹಳ ಮಂದಿ ಅದೇ ದಾರಿ ಹಿಡಿದಿದ್ದರು.

ಒಳಗೆ ಏನಿದೆ ಎಂದಿರಲ್ಲ: ಚಾವಣಿ ಇಲ್ಲ, ಮಹಡಿಗಳಿಲ್ಲ. ಒಳಗಿನ ಮರಮುಟ್ಟನ್ನೆಲ್ಲ ಎಂದೋ ಕಿತ್ತೊಯ್ದಿದ್ದಾರೆ. ಕೆಳಗೆ ನಿಂತು ಕತ್ತೆತ್ತಿದರೆ ತೊಲೆಗಳನ್ನು ಕೂರಿಸಿದ್ದ ತೂತುಗಳು ಸಾಲಾಗಿ ಕಾಣುತ್ತವೆ. ಎಲ್ಲೆಲ್ಲಿ ಮಹಡಿಯಿತ್ತೆಂದು ಅವುಗಳಿಂದಲೇ ಎಣಿಸಬಹುದು. ನೆಲವೇ ಇಲ್ಲದ ಎತ್ತರದಲ್ಲಿ ಗೋಡೆಗೆ ಅಂಟಿಕೊಂಡ ಬೆಂಕಿಗೂಡುಗಳಿವೆ. ಎರಡನೇ ಮಹಡಿಯ ಮಟ್ಟದಲ್ಲಿ ನಡುಗೋಡೆ ಕಂಬ ಕಮಾನುಗಳ ಸಾಲಾಗಿ ತೆರೆದುಕೊಳ್ಳುತ್ತದೆ, ಕಮಾನುಗಳ ಮೇಲೆ ಅಂಕುಡೊಂಕು ಕೆತ್ತನೆ. ರಕ್ಷಣೆಗಷ್ಟೇ ಕಟ್ಟಿದ್ದಾದರೆ ಇಷ್ಟು ಅಲಂಕಾರ ಬೇಕಿರಲಿಲ್ಲ. ಅದು ಆರ್ಚ್‌ಬಿಷಪ್‌ನ ದರ್ಬಾರಿನ ಜಾಗ.

1884ರಲ್ಲಿ ನಗರಸಭೆ ಕೋಟೆಯನ್ನು ಕೊಂಡುಕೊಂಡಿತು. ಈಗ ಇದು ಕಾನೂನಿನ ರಕ್ಷಣೆಯಿರುವ ಸ್ಮಾರಕ, ಗೋಡೆಯೊಳಗಿನ ಮೆಟ್ಟಿಲಿನಿಂದ ಮೇಲಕ್ಕೆ ಹತ್ತಬಹುದು. ಲಂಡನ್‌ನ ಸೇಂಟ್ ಪ್ಯಾಂಕ್ರಾಸ್‌ನಿಂದ ರೈಲಿನಲ್ಲಿ ಒಂದು ಗಂಟೆಯೂ ಬೇಡ. ಸುರುಳಿ ಮೆಟ್ಟಿಲು ಕಿರಿದು, ತುಳಿದು ಸವೆದಿದೆ. ಮಳೆ ದಿನ ಹೋಗುವುದಾದರೆ ಜಾರದ ಚಪ್ಪಲಿ ಹಾಕಿಕೊಳ್ಳಿ.