ಕಸಿಗಿಡದೊಂದಿಗೆ ಬರುವ ರೋಗ

ಪ್ರಶ್ನೆ: ಹೊರಜಿಲ್ಲೆಯಿಂದ ತಂದು ನೆಟ್ಟ ಕಿತ್ತಳೆ ಕಸಿಗಿಡಗಳ ಎಲೆ ಹಳದಿಯಾಗುತ್ತಿದೆ. ಅಡಿಕೆ ತೋಟದಂಚಿನ ನಿಂಬೆ ಜಾತಿಯ ಹಳೆಯ ಕಂಚಿ, ಹೇರಳೆ ಮರಗಳಿಗೂ ಇದು ತಗುಲೀತೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ರೋಗವೇ ಆಗಿದ್ದರೆ ತಗುಲಬಹುದು, ಆದ್ದರಿಂದ ಮೊದಲು ಎಲೆಯೊಂದನ್ನು ಬೆಳಕಿಗೆ ಹಿಡಿದು ನೋಡಿ. ನಡುನರದ ಎರಡೂ ಬದಿಯಲ್ಲಿ ಹಳದಿ ಒಂದೇ ಸಮನಾಗಿದ್ದರೆ ಸತುವಿನ ಕೊರತೆಯಿರಬಹುದು. ಒಂದೊಂದು ಬದಿಗೆ ಒಂದೊಂದು ರೀತಿ ಮಚ್ಚೆಮಚ್ಚೆಯಾಗಿದ್ದರೆ ಗ್ರೀನಿಂಗ್ ರೋಗವನ್ನು ಶಂಕಿಸಬೇಕು. ಸೋಂಕಿತ ಕಸಿಕಡ್ಡಿಯಿಂದಲೂ ಸಿಲ್ಲಿಡ್ ಎಂಬ ಪುಟ್ಟ ಕೀಟದಿಂದಲೂ ಹರಡುವ ಈ ಬ್ಯಾಕ್ಟೀರಿಯಾ ರೋಗವನ್ನು ಪೂರ್ತಿ ಗುಣಪಡಿಸುವ ಮದ್ದಿಲ್ಲ. ಆ ಕೀಟ ಹಿತ್ತಲ ಕರಿಬೇವಿನ ಚಿಗುರಿನಲ್ಲೂ ಬೆಳೆಯುತ್ತದೆ ಎಂಬುದನ್ನು ನಮ್ಮಲ್ಲಿ ಹೆಚ್ಚಿನವರು ಗಮನಿಸುವುದೇ ಇಲ್ಲ. 2003ರ ಸಸ್ಯ ಕ್ವಾರಂಟೈನ್ ಆದೇಶವಿರುವುದು ವಿದೇಶದಿಂದ ಬರುವ ಸಸ್ಯಗಳಿಗೆ. ಜೀಪಿನಲ್ಲಿ ಘಟ್ಟ ಹತ್ತಿ ಬರುವ ಗಿಡಗಳ ಮೇಲೆ ನಿಗಾ ನಾವೇ ಇಡಬೇಕು. ಮಾದರಿ ಎಲೆಗಳನ್ನು ಶಿವಮೊಗ್ಗದ ಕೃಷಿ ವಿಜ್ಞಾನ ಕೇಂದ್ರದವರಿಗೆ ತೋರಿಸಿ. ರೋಗ ಖಚಿತವಾದರೆ ಗಿಡವನ್ನು ಬೇರುಸಮೇತ ಕಿತ್ತು ಸುಡಿ.